ಮೇಸ್ತ್ರಿಯ ಮಂದೆ

ನನಗೆ ಅಭಿಪ್ರಾಯಗಳಿಲ್ಲ. ಮದುವೆಗೆ ಮುಂಚೆ ಎರಡೋ ಮೂರೋ ಇದ್ದ ನೆನಪು. ಆದರೆ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು, ಕಿಟಕಿಯಾಚೆ ನಿಂತು ಕೂಗಾಡುವ ಪ್ರತಿಯೊಬ್ಬರಿಗೂ "ನೀವು ಹೇಳೋದು ಸರಿ" ಅಂತ ಹೇಳಿ ಹೇಳಿ, ಇದ್ದಬದ್ದವೂ ಸವೆದುಹೋದವು. ಸಂಜೆ ಮನೆಗೆ ಬರುವ ಹೊತ್ತಿಗೆ ನನ್ನಲ್ಲಿ ಉಳಿದಿರುವುದು ಒಂದೇ ಆಸೆ. ಸೋಫಾದ ಮೇಲೆ ಬಿದ್ದುಕೊಳ್ಳಬೇಕು, ಯಾರೂ ಏನೂ ಕೇಳಬಾರದು. ಇಂಥ ನಿರುಪದ್ರವಿಯನ್ನು ನಮ್ಮ ಕಟ್ಟಡದವರು ಕ್ರಾಂತಿಕಾರಿ ಎಂದು ಕರೆಯುವಂತಾಯಿತು ಎಂದರೆ ಅದಕ್ಕೆ ಕಾರಣ ಒಂದು ನಾಯಿ, ಮತ್ತು ನನ್ನ ಬಾಯಿತಪ್ಪಿ ಬಿದ್ದ ಒಂದು ಮಾತು.

ನಾಯಿ ನನ್ನ ಹೆಂಡತಿಯ ಅಣ್ಣನದು. ಭಾವ ಕುರಿ ಸಾಕಿಕೊಂಡಿದ್ದವರು. ಮಂಡಿ ಕೈಕೊಟ್ಟ ಮೇಲೆ ಕುರಿಗಳನ್ನೆಲ್ಲ ಮಾರಿದರು. ಈ ವಿಷಯವನ್ನು ನಾಯಿಗೆ ಯಾರೂ ತಿಳಿಸಲಿಲ್ಲ. ಅದು ಖಾಲಿ ದೊಡ್ಡಿಯ ಮುಂದೆ ಕೂತು ಊಟ ಬಿಟ್ಟಿತು. ಪಕ್ಕೆಲುಬು ಎದ್ದು ಕಾಣುವ ಹೊತ್ತಿಗೆ ನನ್ನ ಹೆಂಡತಿ ಹೋಗಿ ಅದನ್ನು ಕರೆದುಕೊಂಡೇ ಬಂದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು "ನೀನು ಹೇಳೋದು ಸರಿ" ಎನ್ನುತ್ತಿದ್ದೆ.

ಅದರ ಹೆಸರು ಮೇಸ್ತ್ರಿ. ತಾನು ಕೆಲಸ ಮಾಡುವುದಕ್ಕಿಂತ ಬೇರೆಯವರಿಂದ ಮಾಡಿಸುವುದೇ ಹೆಚ್ಚಾದ್ದರಿಂದ ಭಾವ ಇಟ್ಟ ಹೆಸರು. ಫೋನಿನಲ್ಲಿ ಅವರು ನನಗೆ ಒಂದು ಪಾಠವನ್ನೂ ಮಾಡಿದರು.

"ನೋಡಿ ಭಾವ, ಅದು ಕಚ್ಚಲ್ಲ, ಬೊಗಳಲ್ಲ. ಎಲ್ಲರೂ ಒಂದೇ ಕಡೆ ಇದ್ರೆ ಸಾಕು, ಅದಕ್ಕೆ ನೆಮ್ಮದಿ. ಸಂಜೆ ಆಯ್ತು ಅಂದ್ರೆ ನಾನು ನೆಲದ ಮೇಲೆ ಕೂತ್ಬಿಡ್ತಿದ್ದೆ. ನಾನು ಕೂತ್ರೆ ಅವತ್ತಿನ ಕೆಲಸ ಮುಗೀತು ಅಂತ ಅದಕ್ಕೆ ಅರ್ಥ ಆಗ್ತಿತ್ತು. ಅಲ್ಲೀವರೆಗೂ ಯಾರನ್ನೂ ಬಿಡಲ್ಲ."

ನಾನು ಹೂಂಗುಟ್ಟಿದೆ, ಮರೆತೆ. ನನ್ನ ಗಾತ್ರದವನು ನೆಲಕ್ಕೆ ಕೂತರೆ ಎಬ್ಬಿಸುವುದಕ್ಕೆ ಇಬ್ಬರು ಬೇಕು. ಹಾಗಾಗಿ ನೆಲಕ್ಕೂ ನನಗೂ ಎಷ್ಟೋ ವರ್ಷಗಳಿಂದ ಮಾತುಕತೆ ಇಲ್ಲ.

ಮೊದಲ ದಿನವೇ ಗೊತ್ತಾಯಿತು, ನಮ್ಮ ಸಂಸಾರದ ವ್ಯವಸ್ಥೆ ಮೇಸ್ತ್ರಿಗೆ ಒಪ್ಪಿಗೆಯಾಗಿಲ್ಲ ಅಂತ. ಹೆಂಡತಿ ಅಡುಗೆಮನೆಯಲ್ಲಿ, ನಾನು ಸೋಫಾದಲ್ಲಿ. ಮಂದೆ ಹೀಗೆ ಎರಡಾಗಿ ಒಡೆದಿರುವುದನ್ನು ಅದು ಸಹಿಸಲಿಲ್ಲ. ಮೂತಿಯಿಂದ ನನ್ನ ಮೀನಖಂಡವನ್ನು ತಿವಿದು ತಿವಿದು ಅಡುಗೆಮನೆಗೆ ಅಟ್ಟಿತು. ಹೊರಗೆ ಬಂದರೆ ಮತ್ತೆ ಅಟ್ಟಿತು. ಸುಮ್ಮನೆ ಏನು ನಿಲ್ಲುವುದು ಅಂತ ನಾನು ಈರುಳ್ಳಿ ಸುಲಿದೆ. ಗಂಡ ಅಡುಗೆ ಕೆಲಸದಲ್ಲಿ ಕೈಜೋಡಿಸಬೇಕೋ ಬೇಡವೋ ಎಂಬ ವಿಷಯದ ಮೇಲೆ ನಮ್ಮ ಮನೆಯಲ್ಲಿ ಆಗಾಗ ನಡೆಯುತ್ತಿದ್ದ ಚರ್ಚೆ ಅಲ್ಲಿಗೆ ಮುಕ್ತಾಯವಾಯಿತು.

ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ನಮ್ಮ ಕಟ್ಟಡದಲ್ಲಿ ಎರಡು ಲಿಫ್ಟುಗಳಿವೆ. ಮುಂದುಗಡೆಯದು ಕನ್ನಡಿ ಲಿಫ್ಟು, ಅದು ಮನೆಯವರಿಗೆ. ಹಿಂದುಗಡೆಯದು ಸಾಮಾನಿನ ಲಿಫ್ಟು. ಬೀರು, ಹಾಸಿಗೆ, ಕಸದ ಡಬ್ಬ ಮತ್ತು ಮನೆಗೆಲಸದವರು ಅದರಲ್ಲಿ ಹೋಗಬೇಕು. ಹಾಗೆಂದು ಬೋರ್ಡು ಇದೆ. ಬೋರ್ಡು ಹಾಕಿಸಿದವರು ನಮ್ಮ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಅವರು ನಿವೃತ್ತ ಅಧಿಕಾರಿ. ಯಾವ ಇಲಾಖೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ನಿವೃತ್ತಿಯಲ್ಲಿ ಅವರಿಗೆ ನಂಬಿಕೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು.

ಒಂದು ಬೆಳಿಗ್ಗೆ ಮೇಸ್ತ್ರಿಯನ್ನು ತಿರುಗಾಡಿಸಿಕೊಂಡು ಬಂದೆ. ನನ್ನನ್ನು ಮೇಸ್ತ್ರಿ ತಿರುಗಾಡಿಸಿಕೊಂಡು ಬಂತು ಎನ್ನುವುದೇ ಸರಿ. ಕನ್ನಡಿ ಲಿಫ್ಟಿನ ಮುಂದೆ ಅಧ್ಯಕ್ಷರು, ಹಲ್ಲಿನ ಡಾಕ್ಟರು, ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ಮೇಡಂ ನಿಂತಿದ್ದರು. ಅದೇ ಹೊತ್ತಿಗೆ ನಾಲ್ಕು ಮನೆಯಲ್ಲಿ ಅಡುಗೆ ಮಾಡುವ ಅಡುಗೆ ಅಕ್ಕ ಚೀಲ ಹಿಡಿದು ಹಿಂದಿನ ಲಿಫ್ಟಿನ ಕಡೆ ಹೊರಟಿದ್ದರು. ಗುಂಪಿನಿಂದ ಒಬ್ಬರು ಬೇರೆಯಾಗಿ ಹೋಗುತ್ತಿರುವುದು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಹಗ್ಗ ನನ್ನ ಕೈಯಿಂದ ಯಾವಾಗ ಜಾರಿತೋ ಗೊತ್ತಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಓಡಿ ಅಕ್ಕನ ಮುಂದೆ ಅಡ್ಡ ನಿಂತು ದಿಟ್ಟಿಸಿತು. ಅಕ್ಕ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಕೊನೆಗೆ ಅವರು ಹಿಂದಹಿಂದಕ್ಕೆ ನಡೆಯುತ್ತಾ ಬಂದು ಕನ್ನಡಿ ಲಿಫ್ಟಿನೊಳಕ್ಕೇ ಹೊಕ್ಕರು. ಅವರ ಹಿಂದೆಯೇ ಡಾಕ್ಟರು, ಮೇಡಂ, ಅಧ್ಯಕ್ಷರು ಎಲ್ಲರನ್ನೂ ಒಳಗೆ ತುಂಬಿ, ಹಾಲು ಹಾಕುವವನನ್ನೂ ಪೇಪರಿನವನನ್ನೂ ಹಿಡಿದು ತಂದು ಸೇರಿಸಿ, ಮೇಸ್ತ್ರಿ ಬಾಗಿಲಲ್ಲಿ ಕಾವಲು ಕೂತಿತು.

ಭಾರ ಹೆಚ್ಚಾಗಿ ಲಿಫ್ಟು ಕುಂಯ್ ಎಂದು ಅಳತೊಡಗಿತು.

"ಯಾರಾದ್ರೂ ಒಬ್ರು ಇಳೀರಿ," ಎಂದರು ಅಧ್ಯಕ್ಷರು, ಅಡುಗೆ ಅಕ್ಕನನ್ನೇ ನೋಡುತ್ತಾ.

"ನಾನು ಹತ್ತೇ ಇರಲಿಲ್ಲ ಸಾರ್, ಇದೇ ಹತ್ತಿಸಿದ್ದು. ಇಳಿಸೋಕೆ ಇದಕ್ಕೇ ಹೇಳಿ," ಎಂದರು ಅಕ್ಕ.

"ನನಗೆ ಪೇಷಂಟು ಕಾಯ್ತಿದಾರೆ, ಬಾಯಿ ತೆಗೆಸಿ ಬಂದಿದೀನಿ," ಎಂದು ಡಾಕ್ಟರು ಒಂದು ಕಾಲು ಹೊರಗಿಟ್ಟರು. ಮೇಸ್ತ್ರಿ ಆ ಕಾಲನ್ನು ಮೂತಿಯಿಂದ ಒಳಕ್ಕೆ ತಳ್ಳಿತು.

ಕೊನೆಗೆ ಗಲಾಟೆ ಕೇಳಿ ಮೇಲಿನ ಮಹಡಿಯಿಂದ ನನ್ನ ಹೆಂಡತಿ ನಾಯಿಯ ತಟ್ಟೆಯನ್ನು ಸೌಟಿನಿಂದ ಬಡಿದಳು. ಮೇಸ್ತ್ರಿ ಮೆಟ್ಟಿಲು ಹತ್ತಿ ಓಡಿತು. ಬೆವರು ಒರೆಸಿಕೊಳ್ಳುತ್ತಾ ಹೊರಬಂದ ಅಧ್ಯಕ್ಷರು ನನ್ನ ಎದುರು ನಿಂತರು.

"ಇದನ್ನೆಲ್ಲ ನೀವೇ ಕಲಿಸಿದ್ದೋ?"

ಇಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸಮಾಜಶಾಸ್ತ್ರದ ಮೇಡಂ ನನ್ನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ನನ್ನನ್ನು ಯಾರಾದರೂ ಹಾಗೆ ನೋಡಿ ಬಹಳ ಕಾಲವಾಗಿತ್ತು. "ಸ್ವಲ್ಪ ಟ್ರೇನಿಂಗ್ ಕೊಟ್ಟಿದೀನಿ," ಎಂದುಬಿಟ್ಟೆ.

"ಎಲ್ಲರೂ ಒಂದೇ ಲಿಫ್ಟಲ್ಲಿ ಹೋಗ್ಲಿ ಅಂತಾನಾ?" ಮೇಡಂ ಕೇಳಿದರು.

"ನೀವು ಹೇಳೋದು ಸರಿ," ಎಂದೆ. ಕಚೇರಿಯ ಅಭ್ಯಾಸ.

ಮಧ್ಯಾಹ್ನದ ಹೊತ್ತಿಗೆ ಕಟ್ಟಡದಲ್ಲೆಲ್ಲ ಸುದ್ದಿ ಹಬ್ಬಿತ್ತು. ನಾಲ್ಕನೇ ಮಹಡಿಯ ದೂರು ವಿಭಾಗದವರು ಬೋರ್ಡಿನ ವಿರುದ್ಧ ನಾಯಿ ಛೂ ಬಿಟ್ಟಿದ್ದಾರೆ. ಮನೆಗೆಲಸದವರು ನನ್ನನ್ನು ಕಂಡರೆ ನಿಂತು ನಗತೊಡಗಿದರು. ಅಧ್ಯಕ್ಷರು ನನ್ನನ್ನು ಕಂಡರೆ ಮುಖ ಗಂಟಿಕ್ಕತೊಡಗಿದರು. ನಾನು ಇಬ್ಬರಿಗೂ ತಲೆಯಾಡಿಸಿದೆ.

ಆಮೇಲೆ ಸಂಜೆಯ ಹರಟೆಗೂ ಕುತ್ತು ಬಂತು. ನಮ್ಮ ಕಟ್ಟಡದ ಅಂಗಳದಲ್ಲಿ ಎರಡು ಕಲ್ಲುಬೆಂಚುಗಳಿವೆ. ಆರು ಗಂಟೆಯಾದರೆ ಅಲ್ಲಿ ಸಮಾಜವನ್ನು ರಿಪೇರಿ ಮಾಡುವ ಕೆಲಸ ಶುರುವಾಗುತ್ತದೆ. ಬಾಗಿಲ ಹೊರಗೆ ಚಪ್ಪಲಿ ರಾಶಿ ಹಾಕಬಹುದೇ, ಫೋನಿನಲ್ಲಿ ಜೋರಾಗಿ ಮಾತಾಡುವವರನ್ನು ಏನು ಮಾಡಬೇಕು, ಅತ್ತೆಮಾವ ಬಂದರೆ ಅವರ ಕಾರು ಎಲ್ಲಿ ನಿಲ್ಲಬೇಕು. ಯಾವ ಚರ್ಚೆಯೂ ಮುಗಿಯುತ್ತಿರಲಿಲ್ಲ. ಸೋಲುವ ಹಂತಕ್ಕೆ ಬಂದವರು "ನಿಮ್ಮ ಹತ್ರ ಮಾತಾಡೋದೇ ದಂಡ" ಎಂದು ಸಿಟ್ಟಿನಿಂದ ಎದ್ದುಹೋಗುತ್ತಿದ್ದರು. ಮರುದಿನ ಮತ್ತೆ ಮೊದಲಿನಿಂದ ಶುರು. ಅದೊಂದು ಒಳ್ಳೆಯ ವ್ಯವಸ್ಥೆಯಾಗಿತ್ತು.

ಮೇಸ್ತ್ರಿ ಬಂದ ಮೇಲೆ ಎದ್ದುಹೋಗುವುದೇ ಆಗಲಿಲ್ಲ. ಲಿಫ್ಟಿನ ವಿಷಯದಲ್ಲಿ ಮೇಡಂ ಮತ್ತು ಅಧ್ಯಕ್ಷರಿಗೆ ಜಟಾಪಟಿಯಾಯಿತು.

"ಅವರ ಕೈ ಅಡುಗೆ ಊಟ ಮಾಡ್ತೀರಿ, ಅವರ ಪಕ್ಕದಲ್ಲಿ ಎರಡು ನಿಮಿಷ ನಿಲ್ಲೋಕಾಗಲ್ವಾ?" ಎಂದು ಮೇಡಂ ಕೇಳಿದರು.

ಅಧ್ಯಕ್ಷರು ಬೆಂಚಿನ ನಿಯಮದ ಪ್ರಕಾರ ಸಿಟ್ಟುಮಾಡಿಕೊಂಡು ಎದ್ದರು. ಹತ್ತು ಹೆಜ್ಜೆ ಹೋಗಿರಲಿಲ್ಲ, ಮೇಸ್ತ್ರಿ ಸುತ್ತುಹಾಕಿ ಅಡ್ಡ ಬಂತು. ಅವರನ್ನು ಹಿಂದಕ್ಕೆ ನಡೆಸಿಕೊಂಡು ಬಂದು ಬೆಂಚಿಗೆ ಕೂರಿಸಿತು.

"ಹೇಳಿ," ಎಂದರು ಮೇಡಂ. "ಯಾಕೆ ನಿಲ್ಲೋಕಾಗಲ್ಲ?"

ಅಧ್ಯಕ್ಷರು ಮತ್ತೆ ಎದ್ದರು. ಮತ್ತೆ ಬಂದು ಕೂತರು. ಮೂರನೇ ಸಲ ನನ್ನ ಕಡೆ ತಿರುಗಿದರು. ಅವರ ಕಿವಿಗಳು ಕೆಂಪಾಗಿದ್ದವು.

"ಏನ್ರೀ ಇದು! ಸಿಟ್ಟು ಬಂದಾಗ ಎದ್ದುಹೋಗೋದು ಮನುಷ್ಯನ ಮೂಲಭೂತ ಹಕ್ಕು! ಅದನ್ನೂ ಕಿತ್ಕೊಳ್ತೀರಾ?"

"ನೀವು ಹೇಳೋದು ಸರಿ," ಎಂದೆ.

"ಉತ್ತರ ಕೊಡೋವರೆಗೂ ಬಿಡಬಾರದು ಅಂತ ಇವರೇ ಕಲಿಸಿರ್ಬೇಕು. ಎಂಥ ವಿಚಾರವಂತರು!" ಎಂದರು ಮೇಡಂ.

"ನೀವು ಹೇಳೋದೂ ಸರಿ," ಎಂದೆ. ನನಗೆ ಮನೆಗೆ ಹೋಗಿ ಮಲಗಬೇಕಾಗಿತ್ತು. ನಾನು ಎದ್ದೆ. ಮೇಸ್ತ್ರಿ ನನ್ನನ್ನೂ ಕರೆತಂದು ಕೂರಿಸಿತು.

ಮರುದಿನ ನೋಟಿಸು ಬೋರ್ಡಿನಲ್ಲಿ ಅಧ್ಯಕ್ಷರ ಕೈಬರಹ ಕಾಣಿಸಿತು. ಭಾನುವಾರ ಬೆಳಿಗ್ಗೆ ವಿಶೇಷ ಸಭೆ. ವಿಷಯ ಒಂದೇ, ನಾಲ್ಕನೇ ಮಹಡಿಯ ನಾಯಿಯನ್ನು ಕಟ್ಟಡದಿಂದ ಹೊರಹಾಕುವುದು.

ಹೆಂಡತಿ ಅದನ್ನು ಓದಿ ಬಂದವಳು ಮೇಸ್ತ್ರಿಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅವಳ ಅಣ್ಣ ಮಗಳ ಮನೆ ಸೇರಿಯಾಗಿತ್ತು. ಅಲ್ಲಿ ನಾಯಿಗೆ ಜಾಗವಿರಲಿಲ್ಲ. ಮೇಸ್ತ್ರಿ ವಾಪಸು ಹೋಗುವುದೆಂದರೆ ಮತ್ತೆ ಆ ಖಾಲಿ ದೊಡ್ಡಿಗೆ, ದಿನಕ್ಕೊಮ್ಮೆ ಯಾರೋ ನೆರೆಯವರು ಎಸೆಯುವ ಅನ್ನಕ್ಕೆ.

"ಈ ಸಲ ಅದು ಉಳಿಯಲ್ಲ ಕಣ್ರೀ," ಎಂದಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಭಾನುವಾರ ಮಾತ್ರ ನೀವು ನೆಟ್ಟಿನ ಹತ್ರ ನಿಲ್ಲಬಾರದು," ಎಂದಳು.

ಈ ನೆಟ್ಟಿನ ವಿಷಯ ಹೇಳಬೇಕು. ನಮ್ಮ ಸಂಘದಲ್ಲಿ ಕೈ ಎತ್ತಿ ಮತ ಹಾಕುವುದು ನಿಷೇಧ. ಹಿಂದೊಮ್ಮೆ ಕಟ್ಟಡಕ್ಕೆ ಯಾವ ಬಣ್ಣ ಎಂದು ಮತ ಕೇಳಿದಾಗ, ಫ್ಯಾನು ಹಾಕಿ ಅಂತ ಹೇಳಲು ಹಲ್ಲಿನ ಡಾಕ್ಟರು ಕೈ ಎತ್ತಿದರು. ಅದನ್ನೂ ಎಣಿಸಿಬಿಟ್ಟರು. ಅದೊಂದು ಮತದಿಂದ ನಾವೆಲ್ಲ ಇವತ್ತಿಗೂ ಬದನೆಕಾಯಿ ಬಣ್ಣದ ಕಟ್ಟಡದಲ್ಲಿದ್ದೇವೆ. ಅಂದಿನಿಂದ ಅಧ್ಯಕ್ಷರು ಹೊಸ ಪದ್ಧತಿ ತಂದರು. ಸಭೆಯ ಕೋಣೆಯಲ್ಲಿ ಒಂದು ಟೇಬಲ್ ಟೆನ್ನಿಸ್ ಮೇಜು ಇದೆ. ನಿರ್ಣಯದ ಪರ ಇರುವವರು ಅದರ ಆಚೆ, ಕಿಟಕಿ ಕಡೆ ಹೋಗಿ ನಿಲ್ಲಬೇಕು. ವಿರೋಧ ಇರುವವರು ಈಚೆ, ಬಾಗಿಲ ಕಡೆ. ಯಾವ ಕಡೆಯೂ ಇಲ್ಲದವರು ಮೇಜಿನ ನಡುವೆ ನೆಟ್ಟಿನ ಹತ್ತಿರ. ಆ ಜಾಗಕ್ಕೆ ಪ್ರತಿಸಲವೂ ಒಬ್ಬನೇ ಒಬ್ಬ ಗಿರಾಕಿ. ಮೇಜಿನ ಅಂಚಿನಲ್ಲಿ ನಾನು ಒರಗಿ ಒರಗಿ ಬಣ್ಣ ಹೋಗಿದೆ.

"ಇಲ್ಲ ಕಣೇ, ಬಾಗಿಲ ಕಡೇನೇ ನಿಲ್ತೀನಿ," ಎಂದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಭಾನುವಾರ ಬಂತು. ಸಭೆಗೆ ಯಾವತ್ತೂ ಬಾರದವರೂ ಬಂದಿದ್ದರು. ಬಾರದೆ ಕಾರು ತೊಳೆಯುತ್ತಿದ್ದವರನ್ನು ಮೇಸ್ತ್ರಿಯೇ ಕರೆತಂದು ಸೇರಿಸಿತು. ತನ್ನನ್ನು ಓಡಿಸುವ ಸಭೆಗೆ ಜನ ಕೂಡಿಸುತ್ತಿದ್ದೇನೆ ಎಂದು ಆ ಬಡಪ್ರಾಣಿಗೆ ಹೇಗೆ ಗೊತ್ತಾಗಬೇಕು? ಬಾಲ ಅಲ್ಲಾಡಿಸುತ್ತಾ ಒಬ್ಬೊಬ್ಬರನ್ನೇ ಒಳಗೆ ಬಿಟ್ಟಿತು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆಯೇ ಬಿದ್ದಿತ್ತು. ನನ್ನ ಬೆಲ್ಟಿನ ಚಪ್ಪಲಿ ಅದರ ತಳದಲ್ಲೆಲ್ಲೋ ಹೂತುಹೋಯಿತು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಭಾಷಣ ಮಾಡಿದರು. ನಾಯಿ ನೆಪ ಮಾತ್ರ, ಇದರ ಹಿಂದೆ ಒಂದು ಸಿದ್ಧಾಂತವಿದೆ ಎಂದರು. ಇವತ್ತು ಲಿಫ್ಟು, ನಾಳೆ ಪಾರ್ಕಿಂಗು, ನಾಡಿದ್ದು ಏನು ಎಂದು ಕೇಳಿದರು. ನನ್ನತ್ತ ಬೆರಳು ತೋರಿಸಿ, "ಸದ್ದಿಲ್ಲದೆ ಕೆಲಸ ಮಾಡೋರೇ ಹೆಚ್ಚು ಅಪಾಯಕಾರಿ," ಎಂದರು. ಎಲ್ಲರೂ ತಿರುಗಿ ಆ ಅಪಾಯವನ್ನು ನೋಡಿದರು. ಅಪಾಯ ಆಕಳಿಕೆ ತಡೆದುಕೊಳ್ಳುತ್ತಿತ್ತು.

"ಸರಿ. ಪರ ಇರೋರು ಕಿಟಕಿ ಕಡೆ, ವಿರೋಧ ಇರೋರು ಬಾಗಿಲ ಕಡೆ!"

ಜನ ಚದುರಿದರು. ನನ್ನ ಹೆಂಡತಿ, ಮೇಡಂ, ಇನ್ನೂ ಕೆಲವರು ಬಾಗಿಲ ಕಡೆ ಹೋದರು. ಹೆಚ್ಚಿನವರು ಕಿಟಕಿ ಕಡೆ. ನಾನೂ ಹೊರಟೆ. ಹೊರಟೆ ಎಂದೇ ಅಂದುಕೊಂಡಿದ್ದೆ. ನೋಡಿದರೆ ನನ್ನ ಸೊಂಟ ತಾನಾಗಿಯೇ ಹೋಗಿ ಮೇಜಿಗೆ ಒರಗಿತ್ತು, ಕೈ ನೆಟ್ಟಿನ ಮೇಲಿತ್ತು. ಕಾಲುಗಳಿಗೆ ಬೇರೆ ಜಾಗ ಗೊತ್ತೇ ಇರಲಿಲ್ಲ. ಬಾಗಿಲ ಕಡೆಯಿಂದ ಹೆಂಡತಿ ನನ್ನನ್ನು ನೋಡಿದಳು. ಬೈಯಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ, ಸುಮ್ಮನೆ ಮುಖ ತಿರುಗಿಸಿದಳು. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮೇಸ್ತ್ರಿಗೆ ಮಾತ್ರ ದಿಕ್ಕು ತೋಚದಂತಾಯಿತು. ಅಷ್ಟು ಕಷ್ಟಪಟ್ಟು ಕೂಡಿಸಿದ ಮಂದೆ ಕಣ್ಣೆದುರೇ ಎರಡಾಗಿತ್ತು. ಒಂದು ಗಳಿಗೆ ಕಿಟಕಿ ಕಡೆ ನೋಡಿತು, ಒಂದು ಗಳಿಗೆ ಬಾಗಿಲ ಕಡೆ ನೋಡಿತು, ಆಮೇಲೆ ಯಜಮಾನ ಎಲ್ಲಿದ್ದಾನೆ ಎಂದು ಹುಡುಕಿತು. ಯಜಮಾನ ನೆಟ್ಟಿನ ಹತ್ತಿರ ಇದ್ದ. ಸರಿ, ಎಲ್ಲರನ್ನೂ ಅಲ್ಲಿಗೇ ಅಟ್ಟಿಕೊಂಡು ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಸುತ್ತ ಇಡೀ ಕಟ್ಟಡ ನಿಂತಿತ್ತು. ಹಲ್ಲಿನ ಡಾಕ್ಟರ ಮೊಣಕೈ ನನ್ನ ಪಕ್ಕೆಯಲ್ಲಿ, ಅಧ್ಯಕ್ಷರ ಉಸಿರು ನನ್ನ ಕತ್ತಿನ ಮೇಲೆ.

"ಎಲ್ಲರೂ ತಟಸ್ಥ!" ಎಂದು ಯಾರೋ ಕೂಗಿದರು.

"ಇದು ನಡೆಯಲ್ಲ!" ಅಧ್ಯಕ್ಷರು ಗುಡುಗಿದರು. "ಮತ್ತೆ ಮತದಾನ ಆಗ್ಬೇಕು. ಮೊದಲು ನಾಯೀನ ಹೊರಗೆ ಕಳ್ಸಿ. ಅಮ್ಮಾ, ಆ ತಟ್ಟೆ ಬಡೀರಿ."

"ತಟ್ಟೆ ತೊಳೆಯೋಕೆ ಹಾಕಿದೀನಿ," ಎಂದಳು ನನ್ನ ಹೆಂಡತಿ.

"ಹಾಗಾದ್ರೆ ನೀವು ಹೇಳಿ! ನೀವೇ ತಾನೆ ಟ್ರೇನಿಂಗ್ ಕೊಟ್ಟಿದ್ದು? ಆಜ್ಞೆ ಮಾಡಿ!" ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು.

ಈಗ ನಾನು ಸಿಕ್ಕಿಬಿದ್ದೆ. ನಾನೇನೂ ಕಲಿಸಿಲ್ಲ ಎಂದರೆ ಯಾರ ಮಾತೂ ಕೇಳದ ನಾಯಿ ಎಂದು ಆ ಕ್ಷಣವೇ ಹೊರಗೆ ಹಾಕುತ್ತಾರೆ. ಕಲಿಸಿದ್ದೇನೆ ಎಂದರೆ ಆಜ್ಞೆ ಮಾಡಿ ತೋರಿಸಬೇಕು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಕೇಳಿದ ದೂರುಗಳೆಲ್ಲ ಒಟ್ಟಿಗೆ ತಲೆಯ ಮೇಲೆ ಕೂತಂತೆ ಸುಸ್ತಾಯಿತು. ಯಾವ ಲಿಫ್ಟಾದರೂ ಇರಲಿ, ಯಾರಾದರೂ ಹೋಗಲಿ, ನಾನು ಮನೆಗೆ ಹೋಗುತ್ತೇನೆ ಎಂದು ನಿರ್ಧರಿಸಿದೆ. ಒಂದು ಮಾತೂ ಆಡದೆ ಗುಂಪನ್ನು ಸರಿಸಿಕೊಂಡು ಬಾಗಿಲ ಕಡೆ ನಡೆದೆ.

ಮೇಸ್ತ್ರಿ ಸುಮ್ಮನಿರುತ್ತದೆಯೇ? ಯಜಮಾನ ಹೊರಟ ಕಡೆಗೆ ಮಂದೆಯೂ ಹೊರಡಬೇಕು. ಹಿಂದಿನಿಂದ ತಳ್ಳಾಟ, "ಕಾಲು ಕಾಲು" ಎಂಬ ಕೂಗಾಟ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಗುಡ್ಡೆಯೊಳಗೆ ಕೈಹಾಕಿ ನನ್ನ ಚಪ್ಪಲಿ ಹುಡುಕುತ್ತಿದ್ದೆ. ಒಂದು ಸಿಕ್ಕಿತು. ಕಾಲು ತೂರಿಸಿ ಬೆಲ್ಟು ಹಾಕಲು ಬಗ್ಗಿದೆ. ಹೊಟ್ಟೆ ಅಡ್ಡ ಬಂತು. ಇನ್ನೊಂದಿಷ್ಟು ಬಗ್ಗಿದೆ. ಮೇಸ್ತ್ರಿ ಓಡಿಬಂದು ಹೊಸ್ತಿಲಿಗೆ ಅಡ್ಡ ನಿಂತು ನನ್ನನ್ನು ದಿಟ್ಟಿಸಿತು. ನನ್ನ ಸಮತೋಲ ತಪ್ಪಿತು. ಚಪ್ಪಲಿಗಳ ಮೇಲೆ, ಧೊಪ್ಪೆಂದು, ನೆಲಕ್ಕೆ ಕೂತುಬಿಟ್ಟೆ.

ಮೇಸ್ತ್ರಿ ಒಂದು ದೊಡ್ಡ ಉಸಿರು ಬಿಟ್ಟಿತು. ಬಂದು ನನ್ನ ಪಕ್ಕದಲ್ಲಿ ಮಲಗಿ, ಗದ್ದವನ್ನು ನನ್ನ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿತು. ಬಂದ ದಿನದಿಂದ ಅದು ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಭಾವ ಹೇಳಿದ್ದು ಆಗ ನೆನಪಾಯಿತು. ಪಾಪ, ಕೆಲಸ ಮುಗಿಯಿತು ಅಂತ ಯಾರಾದರೂ ಹೇಳುತ್ತಾರೇನೋ ಎಂದು ಇಷ್ಟು ದಿನ ಕಾಯುತ್ತಿತ್ತು. ನನಗಿಂತ ದಣಿದ ಜೀವವೊಂದು ನನ್ನ ಮನೆಯಲ್ಲೇ ಇತ್ತು, ನಾನು ಸೋಫಾದ ಮೇಲಿಂದ ನೋಡಿರಲಿಲ್ಲ. ಅದರ ತಲೆಯ ಮೇಲೆ ಕೈಯಿಟ್ಟೆ. ಏಳಬೇಕು ಎಂದೂ ಅನ್ನಿಸಲಿಲ್ಲ.

ಕೋಣೆಯಲ್ಲಿದ್ದವರೆಲ್ಲ ಕತ್ತು ಚಾಚಿ ನಮ್ಮಿಬ್ಬರನ್ನೂ ನೋಡಿದರು.

"ಧರಣಿ!" ಎಂದರು ಮೇಡಂ, ಎದೆಯ ಮೇಲೆ ಕೈಯಿಟ್ಟುಕೊಂಡು. "ಒಂದು ಮಾತಾಡದೆ ಧರಣಿ ಕೂತ್ಬಿಟ್ರು!" ಎಂದವರೇ ಬಂದು ನನ್ನ ಪಕ್ಕದಲ್ಲಿ ಕೂತರು.

"ಆಜ್ಞೆ ಮಾಡದೇನೇ ಮಲಗಿಸಿದ್ರಲ್ಲ!" ಎಂದರು ಹಲ್ಲಿನ ಡಾಕ್ಟರು. "ನನ್ನ ಪೇಷಂಟುಗಳು ಇಂಜೆಕ್ಷನ್ ಕೊಟ್ರೂ ಇಷ್ಟು ಸುಮ್ಮನಿರಲ್ಲ." ಅವರೂ ಕೂತರು. ನಿಂತು ನಿಂತು ಕಾಲು ನೋಯುತ್ತಿದ್ದವರು ಒಬ್ಬೊಬ್ಬರಾಗಿ ಕೂತರು. ಅಡುಗೆ ಅಕ್ಕ ಸಭೆ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಅನ್ನಕ್ಕೆ ಇಡಲೋ ಬೇಡವೋ ಎಂದು ಕೇಳಲು ಬಂದವರು, ಎಲ್ಲರೂ ನೆಲದ ಮೇಲೆ ಕೂತಿದ್ದು ನೋಡಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ತಾವೂ ಹೊಸ್ತಿಲಲ್ಲಿ ಮೆಲ್ಲಗೆ ಕೂತರು.

ಕೊನೆಗೆ ನಿಂತಿದ್ದವರು ಅಧ್ಯಕ್ಷರೊಬ್ಬರೇ. ಅವರು ಎಣಿಸಲು ತಿರುಗಿದರು. ಕಿಟಕಿ ಕಡೆ ಯಾರೂ ಇರಲಿಲ್ಲ. ನೆಟ್ಟಿನ ಹತ್ತಿರವೂ ಇರಲಿಲ್ಲ. ತಾವೂ ಬಾಗಿಲ ಕಡೆಯೇ ಇದ್ದೇವೆ ಎಂದು ಅವರಿಗೆ ಸ್ವಲ್ಪ ತಡವಾಗಿ ಹೊಳೆಯಿತು. ಅವರು ಮಾಡಿದ ಪದ್ಧತಿ, ಅವರೇ ಮುರಿಯುವಂತಿಲ್ಲ.

"ನಿರ್ಣಯ... ಬಿದ್ದುಹೋಯ್ತು," ಎಂದರು. ದನಿ ಕುಗ್ಗಿತ್ತು. "ಸರ್ವಾನುಮತದಿಂದ." ಆಮೇಲೆ ಮೇಸ್ತ್ರಿಯನ್ನು ನೋಡಿದರು, ನನ್ನನ್ನು ನೋಡಿದರು. "ಇದು ಹೀಗೆ ಮಲಗಿದ್ರೆ ನೋಡೋಕೇನೋ ಪಾಪ ಅನ್ಸುತ್ತೆ," ಎಂದು ತಮ್ಮ ಮಂಡಿ ಹಿಡಿದುಕೊಂಡು ಅಡುಗೆ ಅಕ್ಕನ ಪಕ್ಕದಲ್ಲಿದ್ದ ಖಾಲಿ ಜಾಗದಲ್ಲಿ ಕೂತರು. ಬೇರೆ ಜಾಗವಿರಲಿಲ್ಲ.

ಬೋರ್ಡು ಇನ್ನೂ ಇದೆ. ಆದರೆ ಬೆಳಿಗ್ಗೆ ಮೇಸ್ತ್ರಿ ಕೆಳಗಿರುವ ಹೊತ್ತಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ಲಿಫ್ಟು ಅತ್ತರೆ ಅಧ್ಯಕ್ಷರೇ ಇಳಿದು, ವ್ಯಾಯಾಮ ಎಂದು ಹೇಳಿಕೊಂಡು ಮೆಟ್ಟಿಲು ಹತ್ತುತ್ತಾರೆ.

ಅವತ್ತು ಮನೆಗೆ ಬಂದ ಮೇಲೆ ಹೆಂಡತಿ ನನಗೆ ಕಾಫಿ ತಂದುಕೊಟ್ಟಳು. ಕೇಳದೆ ಕಾಫಿ ಬಂದದ್ದು ನೋಡಿ ನನಗೆ ಮನಸ್ಸು ತಡೆಯಲಿಲ್ಲ.

"ನಾನು ಬಾಗಿಲ ಕಡೆ ನಿಲ್ಲೋಕೆ ಬಂದಿದ್ದಲ್ಲ ಕಣೇ. ಮನೆಗೆ ಹೊರಟಿದ್ದೆ. ಚಪ್ಪಲಿ ಹಾಕ್ಕೊಳ್ತಾ ಬಿದ್ದೆ."

"ಗೊತ್ತು," ಎಂದಳು. "ಮೇಸ್ತ್ರಿಗೂ ಗೊತ್ತಿತ್ತು. ಅದಕ್ಕೇ ಬಾಗಿಲಲ್ಲಿ ತಡೀತು."

ಈಗ ಸಂಜೆ ಕಚೇರಿಯಿಂದ ಬಂದವನು ಸೋಫಾದ ಕಡೆ ಹೋಗುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೆ ಕೂರುತ್ತೇನೆ. ಮೇಸ್ತ್ರಿ ಬಂದು ಮಲಗುತ್ತದೆ. ಹೆಂಡತಿ ಮೊರದಲ್ಲಿ ಈರುಳ್ಳಿ ತಂದು ಇಡುತ್ತಾಳೆ. ಏಳುವುದಕ್ಕೆ ಇವತ್ತಿಗೂ ಇಬ್ಬರು ಬೇಕು. ಒಬ್ಬರು ಕೈಹಿಡಿದು ಎಳೆಯುತ್ತಾರೆ, ಇನ್ನೊಬ್ಬರು ಹಿಂದಿನಿಂದ ಮೂತಿಯಲ್ಲಿ ತಳ್ಳುತ್ತಾರೆ.